ಎಲುಬು ಸವೆಯುವುದು ಬೇರೆ, ಟೊಳ್ಳಾಗುವುದು ಬೇರೆ
ಮನೆಮನೆಯಲ್ಲಿ ಕೇಳಿಬರುವ ಕೆಲವು ತಪ್ಪು ತಿಳಿವಳಿಕೆಗಳು

ಐವತ್ತು ದಾಟಿದ ಗೃಹಿಣಿಯೊಬ್ಬರು ಮೊಣಕಾಲು ನೋವೆಂದು ಹೇಳಿದರೆ ಸಾಕು, "ಎಲುಬು ಸವೆದಿದೆ, ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳಿ" ಎಂಬ ಸಲಹೆ ನೆರೆಮನೆಯಿಂದಲೇ ಬರುತ್ತದೆ. ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ ಇದೇ ಮಾತು ಮಲಯಾಳದಲ್ಲಿ 'ತೇಯ್ಮಾನಂ' ಎಂದು ಕಿವಿಗೆ ಬೀಳುತ್ತದೆ. ಸವೆತವೆಂದರೂ ತೇಯ್ಮಾನವೆಂದರೂ ಅರ್ಥ ಒಂದೇ. ಆದರೆ ಈ ಒಂದು ಮಾತಿನ ಅಡಿಯಲ್ಲಿ ಎರಡು ಬೇರೆ ಬೇರೆ ರೋಗಗಳು ಸೇರಿಕೊಂಡು ಬಿಟ್ಟಿವೆ. ಒಂದರ ಹೆಸರಿನಲ್ಲಿ ಇನ್ನೊಂದಕ್ಕೆ ಮದ್ದು ನಡೆಯುತ್ತಿದೆ. ಅದರಿಂದ ಆಗುವ ನಷ್ಟ ಸಣ್ಣದಲ್ಲ.

ಮೊದಲನೆಯದು ಕೀಲುಗಳ ಸವೆತ. ಡಾಕ್ಟರರು ಇದನ್ನು ಆಸ್ಟಿಯೋ ಆರ್ಥ್ರೈಟಿಸ್ ಎನ್ನುತ್ತಾರೆ. ಮೊಣಕಾಲಿನಂಥ ಗಂಟುಗಳಲ್ಲಿ ಎಲುಬಿನ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ಸವೆದು ತೆಳ್ಳಗಾಗುವುದೇ ಈ ರೋಗ. ಇದರಲ್ಲಿ ನೋವು ಉಂಟು, ಬೆಳಗ್ಗೆ ಎದ್ದಾಗ ಬಿಗಿತ ಉಂಟು, ಕೆಲವೊಮ್ಮೆ ಊತವೂ ಉಂಟು. ಕ್ಯಾಲ್ಸಿಯಂ ಮಾತ್ರೆಯಿಂದ ಇದು ವಾಸಿಯಾಗುವುದಿಲ್ಲ.

ಎರಡನೆಯದು ಆಸ್ಟಿಯೋಪೊರೋಸಿಸ್. ಇದರಲ್ಲಿ ಎಲುಬಿನ ಒಳಗಿನ ಹೆಣಿಗೆಯೇ ತೆಳುವಾಗಿ, ಸಣ್ಣ ಪೆಟ್ಟಿಗೂ ಎಲುಬು ಮುರಿಯುವಂತಾಗುತ್ತದೆ. ನೋವಿಲ್ಲ, ಊತವಿಲ್ಲ, ಜ್ವರವಿಲ್ಲ. ಮಲಯಾಳ ಪತ್ರಿಕೆಗಳಲ್ಲಿ ಇದಕ್ಕೆ 'ಅಸ್ಥಿಕ್ಷಯಂ' ಎಂದು ಬರೆಯುವುದುಂಟು. ಕ್ಷಯವೆಂದರೆ ನಮ್ಮ ಮನೆಗಳಲ್ಲಿ ಟಿ.ಬಿ. ಎಂದೇ ಅರ್ಥ. ಎಲುಬಿಗೆ ಟಿ.ಬಿ. ತಗಲುವುದೂ ಉಂಟು, ಆದರೆ ಅದು ಬೇರೆಯೇ ರೋಗ. ಆಸ್ಟಿಯೋಪೊರೋಸಿಸ್ ಯಾರಿಂದ ಯಾರಿಗೂ ಅಂಟುವಂಥದ್ದಲ್ಲ. ಕನ್ನಡದಲ್ಲಿ ಅಸ್ಥಿರಂಧ್ರತೆ ಎಂಬ ಶಬ್ದವಿದ್ದರೂ ಮನೆಮಾತಿನಲ್ಲಿ ಅದು ಓಡಾಡುವುದಿಲ್ಲ. ಆದುದರಿಂದ ಇಲ್ಲಿ 'ಎಲುಬು ಟೊಳ್ಳಾಗುವುದು' ಎಂದೇ ಹೇಳೋಣ.

ಎಲುಬು ಕಲ್ಲಿನಂತೆ ಜಡವೇ?

ಎಲುಬೆಂದರೆ ಒಮ್ಮೆ ಬೆಳೆದು ನಿಂತ ಮೇಲೆ ಹಾಗೆಯೇ ಇರುವ ಗಟ್ಟಿ ವಸ್ತುವೆಂದು ಹೆಚ್ಚಿನವರ ಭಾವನೆ. ನಿಜವಾಗಿ ಅದು ಜೀವವಿರುವ ಅಂಗ. ಅದರಲ್ಲಿ ರಕ್ತ ಹರಿಯುತ್ತದೆ. ಹಳೆಯ ಭಾಗವನ್ನು ಕರಗಿಸುವ ಜೀವಕೋಶಗಳೂ ಹೊಸತನ್ನು ಕಟ್ಟುವ ಜೀವಕೋಶಗಳೂ ಹಗಲಿರುಳು ಕೆಲಸ ಮಾಡುತ್ತಿರುತ್ತವೆ. ವಯಸ್ಕರ ಎಲುಬಿನಲ್ಲಿ ವರ್ಷಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಹೀಗೆ ಹೊಸತಾಗುತ್ತದೆ.

ಹಿಂದೆ ನಮ್ಮಲ್ಲಿ ಮುಳಿಹುಲ್ಲಿನ ಮನೆಗಳಿದ್ದ ಕಾಲವನ್ನು ಹಿರಿಯರು ನೆನಪಿಸಿಕೊಳ್ಳಬಹುದು. ಮಳೆಗಾಲಕ್ಕೆ ಮೊದಲು ಜೀರ್ಣವಾದ ಹುಲ್ಲನ್ನು ತೆಗೆದು ಹೊಸ ಹುಲ್ಲು ಹೊದೆಸುತ್ತಿದ್ದರು. ತೆಗೆದಷ್ಟು ಹೊದೆಸಿದರೆ ಮಾಡು ಭದ್ರ. ತೆಗೆದದ್ದು ಹೆಚ್ಚು, ಹೊದೆಸಿದ್ದು ಕಡಿಮೆ ಎಂದಾದರೆ ಕೆಲವು ವರ್ಷಗಳಲ್ಲಿ ಸೋರತೊಡಗುತ್ತದೆ. ಎಲುಬಿನ ಲೆಕ್ಕವೂ ಹೀಗೆಯೇ. ಬಾಲ್ಯದಿಂದ ಸುಮಾರು ಮೂವತ್ತರವರೆಗೆ ಕಟ್ಟುವುದೇ ಹೆಚ್ಚು. ಆ ಬಳಿಕ ಕೆಲವು ವರ್ಷ ಸರಿಸಮ. ಅನಂತರ ಕರಗುವುದು ಹೆಚ್ಚುತ್ತಾ ಹೋಗುತ್ತದೆ.

ಹುಡುಗಿಯರಲ್ಲಿ ಎಲುಬಿನ ಒಟ್ಟು ಬಲದ ಶೇಕಡಾ 90ರಷ್ಟು ಹದಿನೆಂಟು ವರ್ಷದೊಳಗೇ ಕೂಡಿಬರುತ್ತದೆ ಎಂಬುದನ್ನು ತಾಯಂದಿರು ಗಮನಿಸಬೇಕು. ಶಾಲೆಗೆ ಹೋಗುವ ಮಗಳು ಬೆಳಗ್ಗೆ ಒಂದು ಲೋಟ ಚಹಾ ಕುಡಿದು ಓಡಿದರೆ, ಸಂಜೆ ಬಂದು ಕೋಣೆಯೊಳಗೆ ಕುಳಿತರೆ, ಅದರ ಬೆಲೆಯನ್ನು ಅವಳು ಅರುವತ್ತರಲ್ಲಿ ತೆರಬೇಕಾಗುತ್ತದೆ. ಟೊಳ್ಳೆಲುಬು ಮುದುಕರ ರೋಗವಾದರೂ ಅದರ ತಡೆ ಮಕ್ಕಳ ಊಟದಿಂದ, ಆಟದಿಂದ ಆರಂಭವಾಗುತ್ತದೆ.

"ನನಗೆ ನೋವೇ ಇಲ್ಲ, ಮತ್ತೇಕೆ ಚಿಂತೆ?"

ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಎಲುಬು ಟೊಳ್ಳಾಗುವಾಗ ಯಾವ ಸದ್ದೂ ಮಾಡುವುದಿಲ್ಲ. ಮುರಿದಾಗಲೇ ಗೊತ್ತಾಗುವುದು. ಹೀಗೆ ಮುರಿಯುವ ಮುಖ್ಯ ಜಾಗಗಳು ಮೂರು: ಮಣಿಕಟ್ಟು, ಬೆನ್ನೆಲುಬು, ಸೊಂಟದ ಕೀಲಿನ ಬಳಿ ತೊಡೆಯೆಲುಬಿನ ಕತ್ತು.

ಬೆನ್ನೆಲುಬಿನ ಮಣಿ ಕುಸಿದಾಗ ಅನೇಕರಿಗೆ ತಿಳಿಯುವುದೂ ಇಲ್ಲ. "ಅಜ್ಜಿಗೆ ವಯಸ್ಸಾಯಿತು, ಬೆನ್ನು ಬಾಗಿತು" ಎಂದು ಮನೆಯವರು ಸುಮ್ಮನಾಗುತ್ತಾರೆ. ವಯಸ್ಸಾದ ಮಾತ್ರಕ್ಕೆ ಎಲ್ಲರ ಬೆನ್ನೂ ಗೂನಾಗುವುದಿಲ್ಲ. ಯೌವನದಲ್ಲಿದ್ದ ಎತ್ತರಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಕಡಿಮೆಯಾಗಿದ್ದರೆ ಬೆನ್ನಿನ ಮಣಿಗಳು ಕುಸಿದಿರುವ ಸಂಭವವಿದೆ. ಮೊದಲು ಸರಿಯಾಗಿ ಹೊಂದುತ್ತಿದ್ದ ರವಕೆಯ ಮುಂಭಾಗ ಜೋಲುತ್ತದೆ, ಸೀರೆ ಮುಂದೆ ನೆಲಕ್ಕೆ ತಾಗುತ್ತದೆ ಎಂಬಂಥ ಸಣ್ಣ ಸೂಚನೆಗಳನ್ನು ಮನೆಯ ಹೆಣ್ಣುಮಕ್ಕಳು ಕಂಡುಹಿಡಿಯಬಲ್ಲರು.

"ಬಿದ್ದದ್ದರಿಂದ ಮುರಿಯಿತು, ಅಷ್ಟೆ"

ತೆಂಗಿನ ಮರದಿಂದ ಬಿದ್ದರೆ ಯಾರ ಎಲುಬೂ ಮುರಿದೀತು. ಅಂಗಳದಲ್ಲಿ ನಿಂತಲ್ಲೇ ಜಾರಿ ಬಿದ್ದು ಮುರಿದರೆ ಅದು ಕೇವಲ ಆಕಸ್ಮಿಕವಲ್ಲ. ಎಲುಬು ಮೊದಲೇ ಟೊಳ್ಳಾಗಿತ್ತೆಂಬ ಸಂಶಯ ಬರಬೇಕು.

ಐವತ್ತೈದರ ಹೆಂಗಸು ಜಾರುವಾಗ ಕೈಯೂರಿ ಮಣಿಕಟ್ಟು ಮುರಿದುಕೊಳ್ಳುತ್ತಾರೆ. ಆರು ವಾರ ಪ್ಲಾಸ್ಟರ್ ಹಾಕುತ್ತಾರೆ. ಕೈ ಕೂಡಿತು, ವಿಷಯ ಮರೆತಾಯಿತು. ಎಲುಬಿನ ಸಾಂದ್ರತೆ ನೋಡಬೇಕೆಂದು ಯಾರಿಗೂ ತೋಚುವುದಿಲ್ಲ. ಒಮ್ಮೆ ಹೀಗೆ ಮುರಿದವರಿಗೆ ಇನ್ನೊಮ್ಮೆ ಮುರಿಯುವ ಸಂಭವ ಉಳಿದವರಿಗಿಂತ ಹೆಚ್ಚು. ಮಣಿಕಟ್ಟಿನ ಮುರಿತವು ಮುಂದೆ ಬರಬಹುದಾದ ಸೊಂಟದ ಮುರಿತಕ್ಕೆ ಮುಂಗಡ ನೋಟೀಸು ಇದ್ದಂತೆ. ಆ ನೋಟೀಸನ್ನು ಓದಿದವರಿಗೆ ಹತ್ತು ಹದಿನೈದು ವರ್ಷಗಳ ಕಾಲಾವಕಾಶ ಸಿಗುತ್ತದೆ.

ಸೊಂಟದ ಮುರಿತವೆಂದರೆ ಎಷ್ಟು ಗಂಭೀರವೆಂಬುದು ಎಲ್ಲರಿಗೂ ತಿಳಿದಿಲ್ಲ. ಹಾಗೆ ಮುರಿದುಕೊಂಡ ವೃದ್ಧರಲ್ಲಿ ಸುಮಾರು ಐದರಲ್ಲೊಬ್ಬರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿಯೂ ಅನೇಕರು ಮೊದಲಿನಂತೆ ಸ್ವಂತ ಕಾಲ ಮೇಲೆ ಓಡಾಡುವ ಸ್ಥಿತಿಗೆ ಮರಳುವುದಿಲ್ಲ.

"ಈ ವಯಸ್ಸಿನಲ್ಲಿ ಆಪರೇಷನ್ ಬೇಡ, ಮಲಗಿಯೇ ಇರಲಿ"

ಪ್ರೀತಿಯಿಂದಲೇ ಹೇಳುವ ಮಾತಿದು. ಆದರೆ ಪ್ರಾಣಕ್ಕೆ ಮುಳುವಾಗುವ ಮಾತು. ಎಂಬತ್ತು ದಾಟಿದವರನ್ನು ಮೂರು ತಿಂಗಳು ಮಂಚಕ್ಕೆ ಕಟ್ಟಿಹಾಕಿದರೆ ಬೆನ್ನು ಹುಣ್ಣಾಗುತ್ತದೆ, ಶ್ವಾಸಕೋಶದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಬರುತ್ತದೆ, ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಎಲುಬಿಗಿಂತ ಹೆಚ್ಚಾಗಿ ಇವೇ ಜೀವ ತೆಗೆಯುವುದು. ದೇಹಸ್ಥಿತಿ ತಡೆದುಕೊಳ್ಳುವಂತಿದ್ದರೆ ಒಂದೆರಡು ದಿನಗಳೊಳಗೆ ಶಸ್ತ್ರಕ್ರಿಯೆ ನಡೆಸಿ, ಮರುದಿನವೇ ಎಬ್ಬಿಸಿ ನಿಲ್ಲಿಸುವುದು ಇಂದಿನ ಕ್ರಮ. ವಯಸ್ಸೊಂದೇ ಅಡ್ಡಿಯಲ್ಲ.

ನಮ್ಮವರಿಗೆ ದೊಡ್ಡ ಆಸ್ಪತ್ರೆಯೆಂದರೆ ಬಹುಪಾಲು ಮಂಗಳೂರು. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆ ದಾರಿ ಎಷ್ಟು ದೂರವಾಗಬಹುದೆಂಬುದನ್ನು ಮಂಜೇಶ್ವರದಿಂದ ಅಡೂರಿನವರೆಗೆ ಎಲ್ಲರೂ ಕಂಡೆವು. ಮುರಿದ ಮೇಲೆ ಓಡುವುದಕ್ಕಿಂತ ಮುರಿಯದಂತೆ ನೋಡಿಕೊಳ್ಳುವುದೇ ಗಡಿನಾಡಿನವರಿಗೆ ಹೆಚ್ಚು ಸೂಕ್ತ.

"ಇದು ಹೆಂಗಸರ ರೋಗ"

ಹೆಂಗಸರಲ್ಲಿ ಹೆಚ್ಚು ಎಂಬುದು ನಿಜ. ಮುಟ್ಟು ನಿಂತ ಬಳಿಕ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗಿ ಮೊದಲ ಕೆಲವು ವರ್ಷಗಳಲ್ಲಿ ಎಲುಬು ಬಹಳ ಬೇಗ ಕರಗುತ್ತದೆ. ನಲವತ್ತೈದರ ಮೊದಲೇ ಮುಟ್ಟು ನಿಂತವರೂ, ಗರ್ಭಕೋಶದೊಂದಿಗೆ ಅಂಡಾಶಯಗಳನ್ನೂ ತೆಗೆಸಿಕೊಂಡವರೂ ಹೆಚ್ಚು ಎಚ್ಚರ ವಹಿಸಬೇಕು.

ಹಾಗೆಂದು ಗಂಡಸರು ನಿಶ್ಚಿಂತರಲ್ಲ. ಲೋಕದಾದ್ಯಂತ ಐವತ್ತು ದಾಟಿದ ಹೆಂಗಸರಲ್ಲಿ ಮೂವರಲ್ಲೊಬ್ಬರಿಗೆ, ಗಂಡಸರಲ್ಲಿ ಐವರಲ್ಲೊಬ್ಬರಿಗೆ ಉಳಿದ ಆಯುಷ್ಯದಲ್ಲಿ ಇಂಥ ಮುರಿತ ಆಗುತ್ತದೆಂದು ಅಂದಾಜು. ಬೀಡಿ ಸಿಗರೇಟು ಸೇದುವವರು, ಮದ್ಯಪಾನಿಗಳು, ತೀರ ಸಪೂರ ಮೈಯವರು, ತಂದೆ ಅಥವಾ ತಾಯಿಗೆ ಸೊಂಟ ಮುರಿದ ಚರಿತ್ರೆಯುಳ್ಳವರು ಇವರಲ್ಲಿ ಅಪಾಯ ಹೆಚ್ಚು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವವರು, ಮಧುಮೇಹಿಗಳು, ಅಪಸ್ಮಾರಕ್ಕೆ ದೀರ್ಘಕಾಲ ಮಾತ್ರೆ ನುಂಗುವವರೂ ಇದೇ ಸಾಲಿನವರು.

ಇನ್ನೊಂದು ಮುಖ್ಯ ಕಾರಣ ಸ್ಟೀರಾಯ್ಡ್ ಔಷಧಗಳು. ದಮ್ಮು, ಸಂಧಿವಾತ ಮೊದಲಾದ ರೋಗಗಳಿಗೆ ಪ್ರೆಡ್ನಿಸೋಲೋನ್‌ನಂಥ ಮಾತ್ರೆಗಳನ್ನು ಮೂರು ತಿಂಗಳಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುವವರು ಎಲುಬಿನ ಬಗ್ಗೆ ಡಾಕ್ಟರರಲ್ಲಿ ಕೇಳಲೇಬೇಕು. ತಾವಾಗಿ ಮಾತ್ರೆ ನಿಲ್ಲಿಸಬಾರದು. ಗಂಟುನೋವಿಗೆಂದು ಹೆಸರಿಲ್ಲದ ಪುಡಿ, ಗುಳಿಗೆಗಳನ್ನು ಮಾರುವವರಿದ್ದಾರೆ. ಒಂದೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಹೆಸರು, ಒಳಗಿರುವ ವಸ್ತುಗಳ ಪಟ್ಟಿ ಇಲ್ಲದ ಯಾವ ಮದ್ದನ್ನೂ ಮನೆಯೊಳಗೆ ತರಬೇಡಿ.

"ನಾಲ್ಕು ಹೆತ್ತದ್ದರಿಂದ ಎಲುಬು ಹೋಯಿತು" ಎಂದು ಅಜ್ಜಿಯಂದಿರು ಹೇಳುವುದುಂಟು. ಮಗುವಿಗೆ ಹಾಲೂಡುವಾಗ ತಾಯಿಯ ಎಲುಬಿನಿಂದ ಸ್ವಲ್ಪ ಕ್ಯಾಲ್ಸಿಯಂ ಹೋಗುವುದು ಸರಿ. ಹಾಲು ಬಿಡಿಸಿದ ಬಳಿಕ ಸಾಮಾನ್ಯವಾಗಿ ಅದು ಮರಳಿ ತುಂಬಿಕೊಳ್ಳುತ್ತದೆ. ಈ ಭಯದಿಂದ ಎದೆಹಾಲು ಬಿಡಿಸುವ ಅಗತ್ಯವಿಲ್ಲ. ಬಾಣಂತಿಯ ಪಥ್ಯದ ಹೆಸರಿನಲ್ಲಿ ಹಾಲು, ಬೇಳೆ, ಸೊಪ್ಪುಗಳನ್ನು ತಪ್ಪಿಸದಿದ್ದರೆ ಸಾಕು.

"ದಿನಾ ಮಜ್ಜಿಗೆ ಇಲ್ಲದೆ ಊಟವಿಲ್ಲ, ಕ್ಯಾಲ್ಸಿಯಂ ಧಾರಾಳ"

ಒಂದು ಲೆಕ್ಕ ಹಾಕೋಣ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಹಾಲೂಡುವ ತಾಯಂದಿರಿಗೂ ಮುಟ್ಟು ನಿಂತವರಿಗೂ 1200 ಬೇಕು.

ನಮ್ಮ ಮುಖ್ಯ ಆಹಾರ ಅನ್ನ, ಗಂಜಿ. ನೂರು ಗ್ರಾಂ ಅಕ್ಕಿಯಲ್ಲಿ ಸಿಗುವ ಕ್ಯಾಲ್ಸಿಯಂ ಹತ್ತು ಮಿಲಿಗ್ರಾಂ ಆಸುಪಾಸು. ಎರಡು ಹೊತ್ತಿನ ಚಹಾಕ್ಕೆ ಹಾಕುವ ಹಾಲಿನಿಂದ ನೂರು, ನೂರಿಪ್ಪತ್ತು ಬಂದೀತು. ಊಟದ ಕೊನೆಗೆ ಬಡಿಸುವ ನೀರು ಮಜ್ಜಿಗೆಯಲ್ಲಿ ನೀರೇ ಹೆಚ್ಚು. ಒಂದು ಲೋಟದಲ್ಲಿ ಐವತ್ತು ಅರುವತ್ತು ಸಿಕ್ಕರೆ ಹೆಚ್ಚು. ಸಾಂಬಾರು, ಪಲ್ಯಗಳನ್ನು ಸೇರಿಸಿದರೂ ಒಟ್ಟು ನಾನೂರನ್ನು ದಾಟುವುದು ಕಷ್ಟ. ಬೇಕಾದ್ದರ ಅರ್ಧವೂ ಆಗಲಿಲ್ಲ.

ಇದನ್ನು ತುಂಬಿಸುವ ಬಗೆ ನಮ್ಮ ಅಡುಗೆಮನೆಯಲ್ಲೇ ಉಂಟು. ದಿನಕ್ಕೆ ಎರಡು ಲೋಟ ಹಾಲು ಅಥವಾ ಅಷ್ಟೇ ಗಟ್ಟಿ ಮೊಸರು ಸೇವಿಸಿದರೆ 450ಕ್ಕೂ ಹೆಚ್ಚು ಮಿಲಿಗ್ರಾಂ ದೊರೆಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಉಂಟು. ಘಟ್ಟದ ಮೇಲಿನವರಂತೆ ಮುದ್ದೆ ನಮಗೆ ರೂಢಿಯಿಲ್ಲದಿರಬಹುದು; ರಾಗಿ ಮಣ್ಣಿ, ರಾಗಿ ದೋಸೆ, ರಾಗಿ ಅಂಬಲಿ ಯಾರಿಗೂ ಹೊಸತಲ್ಲ. ಮಗುವಿಗೆ ಮಾಡುವ ಮಣ್ಣಿಯನ್ನು ಅಜ್ಜಿಗೂ ಒಂದು ಬಟ್ಟಲು ಕೊಡಬಹುದಲ್ಲವೇ? ಸಿಪ್ಪೆ ತೆಗೆಯದ ಎಳ್ಳಿನಲ್ಲಂತೂ ನೂರು ಗ್ರಾಮಿಗೆ ಸಾವಿರಕ್ಕೂ ಮಿಕ್ಕಿದ ಕ್ಯಾಲ್ಸಿಯಂ ಉಂಟು; ದಿನಕ್ಕೆ ಒಂದು ದೊಡ್ಡ ಚಮಚ ಎಳ್ಳನ್ನು ಚಟ್ನಿಗೋ ಪಲ್ಯಕ್ಕೋ ಹಾಕಿದರೆ ನೂರು ಮಿಲಿಗ್ರಾಂ ಸುಲಭವಾಗಿ ಸೇರುತ್ತದೆ.

ಹಿತ್ತಿಲ ನುಗ್ಗೆಸೊಪ್ಪಿನಲ್ಲಿ ನೂರು ಗ್ರಾಮಿಗೆ 300ಕ್ಕೂ ಹೆಚ್ಚು ಮಿಲಿಗ್ರಾಂ ಸಿಗುತ್ತದೆ. ಕರ್ಕಾಟಕ ಮಾಸದಲ್ಲಿ ಅದನ್ನು ತಿನ್ನಬಾರದೆಂಬ ರೂಢಿ ಕೆಲವು ಮನೆಗಳಲ್ಲಿದೆ. ಅವರು ಉಳಿದ ಹನ್ನೊಂದು ತಿಂಗಳು ಧಾರಾಳವಾಗಿ ತಿನ್ನಲಿ. ಹರಿವೆಯಲ್ಲಿಯೂ ಕ್ಯಾಲ್ಸಿಯಂ ಉಂಟು. ಜೊತೆಗೆ ಆಕ್ಸಲೇಟ್ ಎಂಬ ವಸ್ತುವೂ ಇರುವುದರಿಂದ ಇದ್ದದ್ದೆಲ್ಲ ಮೈಗೆ ಹತ್ತುವುದಿಲ್ಲ. ಪತ್ರೊಡೆಗೆ ಬಳಸುವ ಕೆಸುವಿನ ಎಲೆ ಗಂಟಲು ತುರಿಸುವುದೂ ಈ ಆಕ್ಸಲೇಟಿನ ಹರಳುಗಳಿಂದಲೇ. ಹಾಗಾಗಿ ಸೊಪ್ಪೊಂದನ್ನೇ ನಂಬಬಾರದು. ಮೀನು ತಿನ್ನುವವರು ಬೂತಾಯಿಯಂಥ ಸಣ್ಣ ಮೀನನ್ನು ಮುಳ್ಳು ಮೆತ್ತಗಾಗುವಂತೆ ಬೇಯಿಸಿ ಮುಳ್ಳುಸಹಿತ ತಿಂದರೆ ಬಹಳ ಒಳ್ಳೆಯದು.

ಕ್ಯಾಲ್ಸಿಯಂ ಒಂದರಿಂದಲೇ ಎಲುಬು ಆಗುವುದಿಲ್ಲ. ಅದರ ಹೆಣಿಗೆ ಪ್ರೋಟೀನಿನದು. ಹಲ್ಲಿಲ್ಲವೆಂದು ಮೂರು ಹೊತ್ತೂ ಗಂಜಿ, ಉಪ್ಪಿನಕಾಯಿ ತಿನ್ನುವ ವೃದ್ಧರಿಗೆ ಬೇಳೆ, ಹೆಸರುಕಾಳು, ಮೊಟ್ಟೆ, ಮೀನು, ಮೊಸರು ಯಾವುದಾದರೊಂದು ಪ್ರತಿ ಊಟದಲ್ಲೂ ಇರಬೇಕು. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುವುದು ಹೆಚ್ಚು. ಉಪ್ಪಿನಕಾಯಿ, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಒಣಮೀನು ಇವು ನಾಲಿಗೆಯ ರುಚಿಗಷ್ಟೇ ಇರಲಿ.

"ಎಲೆಯಡಿಕೆಯ ಸುಣ್ಣವೇ ಸಾಕು"

ಅಡಿಕೆ ಬೆಳೆಯುವ ನಮ್ಮ ನಾಡಿನಲ್ಲಿ ಈ ಮಾತು ಕೇಳದವರಿಲ್ಲ. ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದೇನೋ ಹೌದು. ಬೆರಳ ತುದಿಯಲ್ಲಿ ಸವರುವ ಆ ಚೂರನ್ನು ಜಗಿದು ಉಗುಳಿದರೆ ಎಲುಬಿಗೆ ಸೇರುವುದೇನು? ಬದಲಿಗೆ ಬಾಯಿಯ ಒಳಚರ್ಮ ಸುಟ್ಟು ಹುಣ್ಣಾಗಲು ಅದು ಕಾರಣವಾಗುತ್ತದೆ. ಅಡಿಕೆ ಜಗಿಯುವುದರಿಂದ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಹೊಗೆಸೊಪ್ಪು ಸೇರಿದರಂತೂ ಹೇಳುವುದೇ ಬೇಡ. ತೋಟದಿಂದ ಹೊಟ್ಟೆ ತುಂಬುವವರಿಗೆ ಇದು ಕಹಿ ಮಾತು. ಆದರೂ ಎಲುಬಿನ ಹೆಸರಿನಲ್ಲಿ ತಾಂಬೂಲವನ್ನು ಸಮರ್ಥಿಸಲು ಸಾಧ್ಯವಿಲ್ಲ.

"ನಮ್ಮಲ್ಲಿ ಬಿಸಿಲಿಗೇನು ಬರ?"

ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಬೇಕಾದರೆ ಡಿ ಜೀವಸತ್ವ ಬೇಕು. ಅದನ್ನು ನಮ್ಮ ಚರ್ಮ ಬಿಸಿಲಿನ ನೆರವಿನಿಂದ ತಯಾರಿಸುತ್ತದೆ. ಬಿಸಿಲಿನ ನಾಡಾದ ಭಾರತದಲ್ಲೇ ಈ ಜೀವಸತ್ವದ ಕೊರತೆ ವ್ಯಾಪಕವಾಗಿದೆ. ಬಿಸಿಲು ಅಂಗಳದಲ್ಲಿ ಬಿದ್ದರಾಯಿತೇ? ಮೈಮೇಲೆ ಬೀಳಬೇಡವೇ?

ಜಗಲಿಯ ನೆರಳಲ್ಲಿ ದಿನವಿಡೀ ಕುಳಿತು ಬೀಡಿ ಕಟ್ಟುವ ಹೆಂಗಸರು, ಅಡುಗೆಮನೆಯಿಂದ ಹೊರಬಾರದ ಗೃಹಿಣಿಯರು, ಮೈಪೂರ್ತಿ ಮುಚ್ಚುವ ಉಡುಗೆಯವರು, ಅಂಗಡಿ ಕಚೇರಿಗಳ ಒಳಗೆ ದುಡಿಯುವವರು ಇವರೆಲ್ಲರಿಗೂ ಕೊರತೆ ಬರಬಹುದು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಿಂದ ಪ್ರಯೋಜನವಿಲ್ಲ. ಬೇಕಾದ ಕಿರಣಗಳನ್ನು ಗಾಜು ತಡೆಯುತ್ತದೆ. ಎಳೆಬಿಸಿಲೇ ಶ್ರೇಷ್ಠವೆಂಬ ನಂಬಿಕೆಯೂ ಡಿ ಜೀವಸತ್ವದ ಮಟ್ಟಿಗೆ ಸರಿಯಲ್ಲ. ಸೂರ್ಯ ಕೆಳಗಿರುವಾಗ ಆ ಕಿರಣಗಳು ನೆಲ ಮುಟ್ಟುವುದು ತೀರಾ ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ, ಅಂದರೆ ಸುಮಾರು ಹನ್ನೊಂದರಿಂದ ಎರಡು ಗಂಟೆಯೊಳಗೆ, ಕೈಕಾಲುಗಳಿಗೆ ಅರ್ಧ ಗಂಟೆಯಷ್ಟು ಬಿಸಿಲು ತಾಗಬೇಕು. ತಲೆಗೆ ಮುಟ್ಟಾಳೆಯೋ ಬೈರಾಸೋ ಇರಲಿ. ಅಂಗಳದಲ್ಲಿ ಅಡಿಕೆ ಹರಡುವ, ಬಟ್ಟೆ ಒಣಗಿಸುವ ಕೆಲಸವನ್ನು ಆ ಹೊತ್ತಿಗೆ ಇಟ್ಟುಕೊಂಡರೆ ಎರಡೂ ಆಯಿತು. ಜೂನಿನಿಂದ ಸೆಪ್ಟೆಂಬರಿನವರೆಗೆ ಮೋಡ ಕವಿದಿರುವುದರಿಂದ ಬೇಸಿಗೆಯಲ್ಲಿ ಕೂಡಿಟ್ಟುಕೊಂಡದ್ದೇ ಆಧಾರ.

ಮಾತ್ರೆ ಎಷ್ಟು, ಹೇಗೆ?

"ಕ್ಯಾಲ್ಸಿಯಂ ತಿಂದರೆ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ" ಎಂದು ಹಾಲನ್ನೇ ಬಿಟ್ಟವರಿದ್ದಾರೆ. 1993ರಲ್ಲಿ ಅಮೆರಿಕದಲ್ಲಿ ನಲವತ್ತೈದು ಸಾವಿರಕ್ಕೂ ಹೆಚ್ಚು ಗಂಡಸರನ್ನು ಗಮನಿಸಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದು ತದ್ವಿರುದ್ಧ. ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದವರಲ್ಲೇ ಕಲ್ಲು ಕಡಿಮೆ. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುವುದು ಇದಕ್ಕೆ ಕಾರಣ. ಮಾತ್ರೆಯ ಸಂಗತಿ ಬೇರೆ. ಅಗತ್ಯವಿಲ್ಲದೆ ಅತಿಯಾಗಿ ಮಾತ್ರೆ ನುಂಗಿದರೆ ಕಲ್ಲಿನ ಸಂಭವ ಸ್ವಲ್ಪ ಹೆಚ್ಚುತ್ತದೆ. ಊಟದಲ್ಲಿ ಎಷ್ಟು ಕೊರತೆಯೋ ಅಷ್ಟಕ್ಕೆ ಮಾತ್ರ ಮಾತ್ರೆ.

ಡಿ ಜೀವಸತ್ವದ ಅರುವತ್ತು ಸಾವಿರ ಯೂನಿಟ್ಟಿನ ಗುಳಿಗೆ ಇಂದು ಎಲ್ಲ ಔಷಧದಂಗಡಿಗಳಲ್ಲೂ ಸಿಗುತ್ತದೆ. ಇದು ಸಾಮಾನ್ಯವಾಗಿ ವಾರಕ್ಕೆ ಒಂದರಂತೆ ಕೆಲವು ವಾರ ಮಾತ್ರ ತೆಗೆದುಕೊಳ್ಳುವಂಥದ್ದು. ದಿನಕ್ಕೊಂದರಂತೆ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಂಪರು, ಮೂತ್ರಪಿಂಡಕ್ಕೆ ಹಾನಿ ಉಂಟಾಗುತ್ತದೆ. ಚೀಟಿಯಲ್ಲಿ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಬರೆದದ್ದು ಓದಲು ಬಾರದ ಹಿರಿಯರು ನಮ್ಮ ಒಳನಾಡಿನಲ್ಲಿ ಇನ್ನೂ ಅನೇಕರಿದ್ದಾರೆ. ಇಂಥ ಗುಳಿಗೆಯ ಪೊಟ್ಟಣದ ಮೇಲೆ 'ವಾರಕ್ಕೆ ಒಂದು, ಆದಿತ್ಯವಾರ' ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದಿಡುವುದು ಮನೆಯ ಮಕ್ಕಳ ಕರ್ತವ್ಯ.

"ಮನೆಕೆಲಸವೇ ವ್ಯಾಯಾಮ"

ಬಾವಿಯಿಂದ ನೀರು ಸೇದಿ, ಕಡೆಯುವ ಕಲ್ಲಿನಲ್ಲಿ ಅರೆದು, ಗುಡ್ಡದಿಂದ ಸೊಪ್ಪು ಹೊತ್ತು ತರುತ್ತಿದ್ದ ಕಾಲಕ್ಕೆ ಈ ಮಾತು ಸರಿಯಿತ್ತು. ಪಂಪು, ಮಿಕ್ಸಿ, ಗ್ಯಾಸು ಬಂದ ಮೇಲೆ ಮನೆಕೆಲಸದಲ್ಲಿ ದಣಿವು ಉಳಿಯಿತು, ಎಲುಬಿಗೆ ಬೇಕಾದ ಹೊರೆ ಉಳಿಯಲಿಲ್ಲ. ಭಾರ ಬಿದ್ದಾಗಲೇ ಎಲುಬು ಗಟ್ಟಿಯಾಗುವುದು. ಮೈಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟ, ಬೆನ್ನುಗಳ ಎಲುಬು ತಿಂಗಳಿಗೆ ಶೇಕಡಾ ಒಂದರಷ್ಟು ಕರಗುತ್ತದೆ.

ದಿನಾ ಅರ್ಧ ಗಂಟೆ ಚುರುಕಾಗಿ ನಡೆಯುವುದು, ಮೆಟ್ಟಲು ಹತ್ತುವುದು, ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು, ಗೋಡೆ ಹಿಡಿದು ಒಂದೇ ಕಾಲಲ್ಲಿ ನಿಲ್ಲುವುದು ಇವು ಎಲುಬಿಗೂ ತೋಲನಕ್ಕೂ ಒಳ್ಳೆಯವು. ಆದರೆ ಎಲುಬು ಟೊಳ್ಳಾಗಿದೆಯೆಂದು ಗೊತ್ತಾದವರು ಬೆನ್ನನ್ನು ಮುಂದಕ್ಕೆ ಬಗ್ಗಿಸಿ ತುಂಬಿದ ಕೊಡಪಾನ ಎತ್ತಬಾರದು. ಪಶ್ಚಿಮೋತ್ತಾನಾಸನದಂಥ ಆಸನಗಳನ್ನೂ ಮಾಡಬಾರದು. ಇದ್ದಕ್ಕಿದ್ದಂತೆ ಬೆನ್ನುನೋವು ಬಂದರೆ ಎಣ್ಣೆ ಹಾಕಿ ಬಲವಾಗಿ ತಿಕ್ಕಿಸುವುದು, ತುಳಿಸುವುದು ಕೂಡದು. ಕುಸಿದ ಮಣಿ ಇನ್ನಷ್ಟು ಕುಸಿದೀತು. ಮೊದಲು ಎಕ್ಸ್‌ರೇ ತೆಗೆಸಿ.

ಪರೀಕ್ಷೆ, ಚಿಕಿತ್ಸೆ

ಎಕ್ಸ್‌ರೇಯಲ್ಲಿ ಮುರಿತ ಕಾಣುತ್ತದೆ. ಟೊಳ್ಳುತನ ಮಾತ್ರ ಎಲುಬಿನ ಮೂರರಲ್ಲೊಂದು ಪಾಲಾದರೂ ಕರಗಿದ ಮೇಲಷ್ಟೇ ಕಂಡೀತು. ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರವಿಟ್ಟು ನೋಡುವ ಪರೀಕ್ಷೆ ಒಂದು ಸೂಚನೆ ಕೊಡಬಹುದೇ ಹೊರತು ಅದರಿಂದಲೇ ರೋಗ ನಿರ್ಣಯವಾಗುವುದಿಲ್ಲ. ಸೊಂಟ, ಬೆನ್ನುಗಳ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯೇ ಸರಿಯಾದದ್ದು. ಅದರಲ್ಲಿ ಬರುವ 'ಟಿ' ಅಂಕ ಮೈನಸ್ 1ರ ಮೇಲಿದ್ದರೆ ಸರಿ, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ರೋಗ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹಾಕಿಕೊಟ್ಟ ಅಳತೆಯಿದು. ಅರುವತ್ತೈದು ದಾಟಿದ ಹೆಂಗಸರು, ಎಪ್ಪತ್ತು ದಾಟಿದ ಗಂಡಸರು, ಮೇಲೆ ಹೇಳಿದ ಅಪಾಯಗಳಿರುವವರು ಅದಕ್ಕೂ ಮೊದಲು, ಈ ಬಗ್ಗೆ ಡಾಕ್ಟರರಲ್ಲಿ ವಿಚಾರಿಸಬೇಕು.

"ಒಮ್ಮೆ ಟೊಳ್ಳಾದರೆ ಮುಗಿಯಿತು" ಎಂಬುದೂ ತಪ್ಪು. ಮುರಿತವನ್ನು ತಡೆಯುವ ಒಳ್ಳೆಯ ಔಷಧಗಳಿವೆ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೋನೇಟ್ ಮಾತ್ರೆ, ವರ್ಷಕ್ಕೊಮ್ಮೆ ನಾಳದ ಮೂಲಕ ಕೊಡುವ ಝೋಲೆಡ್ರೋನಿಕ್ ಆಮ್ಲ, ಆರು ತಿಂಗಳಿಗೊಮ್ಮೆ ಕೊಡುವ ಡೆನೋಸುಮಾಬ್ ಚುಚ್ಚುಮದ್ದು ಇವುಗಳಲ್ಲಿ ಮುಖ್ಯ. ಅಲೆಂಡ್ರೋನೇಟನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ತುಂಬ ಬರೇ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ, ಏನನ್ನೂ ತಿನ್ನದೆ ಇರಬೇಕು. ಚಹಾದೊಂದಿಗೆ ನುಂಗಿದರೆ ಮದ್ದು ಮೈಗೆ ಹತ್ತುವುದಿಲ್ಲ. ನುಂಗಿ ಮಲಗಿದರೆ ಅನ್ನನಾಳ ಹುಣ್ಣಾಗುತ್ತದೆ. ಡೆನೋಸುಮಾಬನ್ನು ಹೇಳದೆ ಕೇಳದೆ ನಿಲ್ಲಿಸಿದರೆ ಬೆನ್ನೆಲುಬು ಕುಸಿಯುವ ಭಯವಿದೆ. ಹಲ್ಲು ಕೀಳಿಸುವುದಿದ್ದರೆ ಈ ಔಷಧಗಳ ವಿಷಯವನ್ನು ದಂತವೈದ್ಯರಿಗೆ ಮೊದಲೇ ತಿಳಿಸಿ.

ಬೀಳದಿದ್ದರೆ ಅರ್ಧ ಗೆದ್ದಂತೆ

ಸೊಂಟ ಮುರಿಯುವುದು ಹೆಚ್ಚಾಗಿ ಬೀಳುವುದರಿಂದ. ಬೀಳುವುದು ಹೆಚ್ಚಾಗಿ ಮನೆಯಲ್ಲೇ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ಒದ್ದೆಯಾದ ಮುರಕಲ್ಲಿನ ಮೆಟ್ಟಲು, ಎತ್ತರದ ಹೊಸ್ತಿಲು, ಸೋಪು ನೀರು ನಿಂತ ಬಚ್ಚಲು, ರಾತ್ರಿ ಕತ್ತಲಲ್ಲಿ ಹೊರಗಿನ ಪಾಯಿಖಾನೆಗೆ ಹೋಗುವ ದಾರಿ, ಇವು ನಮ್ಮ ಮನೆಗಳ ಅಪಾಯದ ಜಾಗಗಳು. ಜೂನಿಗೆ ಮೊದಲು ಪಾಚಿ ಉಜ್ಜಿ ತೆಗೆಯಿರಿ. ಬಚ್ಚಲಲ್ಲಿ, ಮೆಟ್ಟಲ ಬದಿಯಲ್ಲಿ ಹಿಡಿದುಕೊಳ್ಳಲು ಒಂದು ಗಟ್ಟಿ ಸಲಾಕೆ ಹಾಕಿಸಿ. ಹೊಸ್ತಿಲಿಗೆ ಬಿಳಿ ಬಣ್ಣದ ಗೆರೆ ಎಳೆಯಿರಿ. ಮಲಗುವ ಕೋಣೆಯಲ್ಲಿ ಸಣ್ಣದೊಂದು ದೀಪ ಇಡೀ ರಾತ್ರಿ ಉರಿಯಲಿ. ಕಣ್ಣಿನ ಪೊರೆ ಬಂದಿದ್ದರೆ ಮುಂದೂಡದೆ ತೆಗೆಸಿ. ನಿದ್ರೆಯ ಮಾತ್ರೆ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಮಂಚದಿಂದ ಏಳುವಾಗ ಒಂದು ನಿಮಿಷ ಕುಳಿತು ಆಮೇಲೆ ನಿಲ್ಲಲಿ. ಊರುಗೋಲು ಹಿಡಿಯಲು ನಾಚುವ ಅಜ್ಜನಿಗೆ ಮೊಮ್ಮಕ್ಕಳೇ ಒಂದು ಒಳ್ಳೆಯ ಕೋಲು ಕೊಡಿಸಲಿ.

ಡಾಕ್ಟರರ ಬಳಿ ಹೋಗುವಾಗ ಹಿರಿಯರ ಜೊತೆಗೆ ಮಲಯಾಳ ಬಲ್ಲ ಒಬ್ಬರು ಇರಲಿ. ಕೇಳಬೇಕಾದ್ದು ಮೂರೇ ಪ್ರಶ್ನೆ: ಸವೆದದ್ದು ಕೀಲೋ, ಟೊಳ್ಳಾದದ್ದು ಎಲುಬೋ? ಡೆಕ್ಸಾ ಪರೀಕ್ಷೆ ಬೇಕೋ? ಈ ಮಾತ್ರೆ ದಿನಕ್ಕೋ, ವಾರಕ್ಕೋ? ಉತ್ತರವನ್ನು ಅಲ್ಲೇ ಕನ್ನಡದಲ್ಲಿ ಬರೆದುಕೊಳ್ಳಿ. ಪ್ರತಿ ವರ್ಷ ಅಕ್ಟೋಬರ್ 20ನ್ನು ವಿಶ್ವ ಆಸ್ಟಿಯೋಪೊರೋಸಿಸ್ ದಿನವೆಂದು ಆಚರಿಸುತ್ತಾರೆ. ಅಷ್ಟರವರೆಗೆ ಕಾಯುವುದೇಕೆ? ಈ ಆದಿತ್ಯವಾರವೇ ಮನೆಯ ಹಿರಿಯರನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಎತ್ತರಕ್ಕೊಂದು ಗುರುತು ಹಾಕಿ, ದಿನಾಂಕ ಬರೆದಿಡಿ. ಮುಂದಿನ ವರ್ಷ ಅದೇ ಗುರುತಿನ ಕೆಳಗೆ ಅವರು ನಿಂತರೆ, ತಡಮಾಡದೆ ಡಾಕ್ಟರರಲ್ಲಿಗೆ ಕರೆದುಕೊಂಡು ಹೋಗಿ.